ಮಿಕ್ಕಿದ್ದನ್ನು ನೀವೇ ಕಲ್ಪಿಸಿಕೊಳ್ಳಿ

ಮರದ ಹಲಗೆಯ ಗೆರೆಗಳನ್ನು ಅಚ್ಚು ಹಾಕಿದ ಕಾಗದ ಅಂಟಿಸಿದ್ದ ಒಂದು ಕಂದು ರಟ್ಟಿನ ಡಬ್ಬಿ. ಒಳಗೆ ಮೂರು ಸಣ್ಣ ಪುಸ್ತಕ, ಒಂದಷ್ಟು ಬಿಡಿ ಹಾಳೆ. 1974ರ ಜನವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನಿಂದ ಹೊರಬಿದ್ದ ಈ ಡಬ್ಬಿಯ ಬೆಲೆ 10 ಡಾಲರ್. ಹೆಸರು ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’. ಮೂರನೆಯ ಪುಸ್ತಕದ ಕೊನೆಗೆ ಲೇಖಕರು ಓದುಗರಿಗೆ ಒಂದು ಕಿವಿಮಾತು ಹೇಳಿದ್ದರು. ಅದರ ಸಾರ ಇಷ್ಟೆ: ನಿಯಮ ಅಸ್ಪಷ್ಟ ಎನಿಸಿದಲ್ಲಿ ನಿಮಗೆ ಹೇಗೆ ಬೇಕೋ ಹಾಗೆ ತೀರ್ಮಾನಿಸಿಕೊಳ್ಳಿ, ನಿಮ್ಮ ಪಾಲಿನ ಕಲ್ಪನೆಯನ್ನೂ ನಾವೇ ಯಾಕೆ ಮಾಡಿಕೊಡಬೇಕು?

ಕೊಂಡವರು ಅದನ್ನು ಓದಿದರು. ಓದಿ, ಪೆನ್ನು ತೆಗೆದು, ಪ್ರಕಾಶಕರಿಗೇ ಕಾಗದ ಬರೆಯಲು ಕೂತರು.

ಈ ಆಟವನ್ನು ಕಾಣದವರಿಗೆ ವಿವರಿಸುವುದು ತುಸು ಕಷ್ಟ. ಕರಾವಳಿ, ಮಲೆನಾಡಿನವರಿಗಾದರೆ ಸುಲಭ: ತಾಳಮದ್ದಳೆ ನೆನಪಿಸಿಕೊಂಡರೆ ಸಾಕು. ವೇಷವಿಲ್ಲ, ಕುಣಿತವಿಲ್ಲ. ನಾಲ್ಕಾರು ಜನ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಮಾತು ಬಾಯಿಪಾಠದ್ದಲ್ಲ, ಆ ಗಳಿಗೆಯಲ್ಲಿ ಹುಟ್ಟಿದ್ದು. ಭಾಗವತರ ಜಾಗದಲ್ಲಿ ಇಲ್ಲಿ ‘ರೆಫರಿ’ ಇರುತ್ತಾನೆ. ಮುಂದೆ ‘ಡಂಜನ್ ಮಾಸ್ಟರ್’ ಎಂಬ ಹೆಸರು ಗಟ್ಟಿಯಾಯಿತು. ನೆಲಮಾಳಿಗೆಯ ಬಾಗಿಲು ಯಾವ ಕಡೆಗಿದೆ, ಅದರ ಹಿಂದೆ ಉಸಿರಾಡುತ್ತಿರುವುದು ಏನು ಎಂಬುದು ಅವನಿಗೆ ಮಾತ್ರ ಗೊತ್ತು. ಆದರೆ ತಾಳಮದ್ದಳೆಯಲ್ಲಿ ಕರ್ಣ ಕೊನೆಗೆ ಸಾಯಲೇಬೇಕು, ಪ್ರಸಂಗ ಬರೆದಿಟ್ಟಾಗಿದೆ. ಇಲ್ಲಿ ಕರ್ಣನ ಬಾಣ ತಾಗಿತೋ ಇಲ್ಲವೋ ಎಂಬುದನ್ನು 20 ಮುಖದ ದಾಳ ಹೇಳುತ್ತದೆ. ಪ್ರಸಂಗವೇ ಇಲ್ಲದ ತಾಳಮದ್ದಳೆ, ನಡುವೆ ಪಗಡೆ.

ಇಂಥ ಆಟಕ್ಕೆ ಹೆಚ್ಚುವರಿ ನಿಯಮಗಳ ಪುರವಣಿ ಯಾಕೆ ಬೇಕಾಯಿತು? ಕೊನೆಯಿಲ್ಲದ ಆಟವನ್ನು ಮೂರು ಪುಸ್ತಕಕ್ಕೆ ಇಳಿಸಿದ ಮೇಲೆ ಎಲ್ಲೋ ಒಂದು ಕಡೆ ಪುಟ ಮುಗಿಯಲೇಬೇಕಲ್ಲ. ಅಲ್ಲಿಂದಲೇ ಈ ಕಥೆ ಶುರುವಾಗುತ್ತದೆ.

ವಿಚಿತ್ರವೆಂದರೆ ಆಟ ಹುಟ್ಟಿದ್ದೂ ಒಂದು ಪುರವಣಿಯಾಗಿಯೇ. ಗ್ಯಾರಿ ಗೈಗ್ಯಾಕ್ಸ್ ವಿಮಾ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದವರು. 1970ರಲ್ಲಿ ಆ ಕೆಲಸ ಹೋಯಿತು. ಹೆಂಡತಿ ಮಕ್ಕಳನ್ನು ಸಾಕಲು ಮನೆಯ ನೆಲಮಾಳಿಗೆಯಲ್ಲಿ ಕೂತು ಹರಿದ ಬೂಟು ರಿಪೇರಿ ಮಾಡುತ್ತ, ಉಳಿದ ಹೊತ್ತಿನಲ್ಲಿ ಸೀಸದ ಪುಟ್ಟ ಸೈನಿಕರನ್ನು ಮೇಜಿನ ಮೇಲೆ ಜೋಡಿಸಿ ಆಡುವ ಯುದ್ಧದಾಟಗಳ ನಿಯಮ ಬರೆಯುತ್ತಿದ್ದರು. 1971ರಲ್ಲಿ ಜೆಫ್ ಪೆರೆನ್ ಜೊತೆಗೂಡಿ ತಂದ ‘ಚೈನ್‌ಮೇಲ್’ ಮಧ್ಯಯುಗದ ಕಾಳಗಗಳ ನಿಯಮಪುಸ್ತಕ. ಅದರ ಬಾಲಕ್ಕೆ ಒಂದು ತುಂಡು ಸೇರಿಸಿದ್ದರು: ಡ್ರ್ಯಾಗನ್, ಮಾಂತ್ರಿಕ, ದೈತ್ಯರನ್ನು ಯುದ್ಧಕ್ಕಿಳಿಸಬೇಕೆಂದಿದ್ದರೆ ಹೇಗೆ ಎಂಬ ‘ಫ್ಯಾಂಟಸಿ ಸಪ್ಲಿಮೆಂಟ್’. ಬರಿಯ ಈಟಿ, ಕುದುರೆಗಳಿಂದ ಬೇಸತ್ತ ಗೆಳೆಯರಿಗಾಗಿ ಮಾಡಿದ ಒಗ್ಗರಣೆ ಅದು. ಊಟಕ್ಕಿಂತ ಒಗ್ಗರಣೆಯೇ ಜನರಿಗೆ ಹಿಡಿಸಿತು.

ಆ ಒಗ್ಗರಣೆಯ ಘಮ ಪಕ್ಕದ ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್‌ನಲ್ಲಿದ್ದ ಡೇವ್ ಆರ್ನೆಸನ್‌ವರೆಗೂ ಹೋಯಿತು. ಅವರ ಬಳಗದಲ್ಲಿ ಡೇವಿಡ್ ವೆಸ್ಲಿ ಎಂಬುವರು ಆಗಲೇ ಬೇರೊಂದು ದಾರಿ ತೋರಿಸಿದ್ದರು: ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಪಡೆ ಕೊಡುವ ಬದಲು ಒಬ್ಬೊಬ್ಬ ಮನುಷ್ಯನನ್ನೇ ಕೊಡುವುದು. ಆರ್ನೆಸನ್ ಈ ಎರಡನ್ನೂ ಬೆಸೆದು ‘ಬ್ಲ್ಯಾಕ್‌ಮೂರ್’ ಎಂಬ ಕೋಟೆಯನ್ನೂ ಅದರ ಕೆಳಗೆ ಸುರಂಗಗಳನ್ನೂ ಕಟ್ಟಿ, ಗೆಳೆಯರನ್ನು ಅದರೊಳಕ್ಕೆ ಇಳಿಸಿದರು. 1972ರ ಕೊನೆಗೆ ಲೇಕ್ ಜಿನೀವಾಕ್ಕೆ ಬಂದು ಗೈಗ್ಯಾಕ್ಸ್‌ಗೂ ಆಡಿ ತೋರಿಸಿದರು. ಗೈಗ್ಯಾಕ್ಸ್ ಆರ್ನೆಸನ್‌ರ ಟಿಪ್ಪಣಿ ತರಿಸಿಕೊಂಡು ಟೈಪ್‌ರೈಟರ್ ಮುಂದೆ ಕೂತರು. ಮನೆಯಲ್ಲಿ ಅದನ್ನು ಮೊದಲು ಆಡಿ ನೋಡಿದವರು ಅವರ ಮಕ್ಕಳಾದ ಅರ್ನಿ ಮತ್ತು ಎಲಿಸ್.

ಅಚ್ಚು ಹಾಕಿಸಲು ದುಡ್ಡಿರಲಿಲ್ಲ. ಬಾಲ್ಯದ ಗೆಳೆಯ ಡಾನ್ ಕೇ ತನ್ನ ಜೀವವಿಮೆಯ ಮೇಲೆ 1,000 ಡಾಲರ್ ಸಾಲ ಎತ್ತಿದರು. 1973ರ ಅಕ್ಟೋಬರಿನಲ್ಲಿ ‘ಟ್ಯಾಕ್ಟಿಕಲ್ ಸ್ಟಡೀಸ್ ರೂಲ್ಸ್’ ಎಂಬ ಸಂಸ್ಥೆ ಹುಟ್ಟಿತು. ಮುಂದೆ ಎಲ್ಲರೂ ಅದನ್ನು ಟಿಎಸ್‌ಆರ್ ಎಂದೇ ಕರೆದರು. ಬ್ರಯನ್ ಬ್ಲೂಮ್ 2,000 ಡಾಲರ್ ಹಾಕಿ ಮೂರನೆಯ ಪಾಲುದಾರರಾದರು. ಅಚ್ಚಾದದ್ದು 1,000 ಪ್ರತಿ. ಡಬ್ಬಿಗೆ ಕಾಗದ ಅಂಟಿಸುವುದು, ಪುಸ್ತಕ ತುಂಬುವುದು, ಅಂಚೆಗೆ ಹಾಕುವುದು, ಎಲ್ಲ ಮನೆಯಲ್ಲೇ. ವರ್ಷ ತುಂಬುವ ಹೊತ್ತಿಗೆ ಅಷ್ಟೂ ಖಾಲಿ. ಸಾವಿರಕ್ಕಿಂತ ಎಷ್ಟೋ ಹೆಚ್ಚು ಜನ ಆಡುತ್ತಿದ್ದರು, ಏಕೆಂದರೆ ಕಾಲೇಜುಗಳಲ್ಲಿ ಒಂದು ಡಬ್ಬಿ ಬಂದರೆ ಮಾರನೆಯ ದಿನಕ್ಕೆ ಹತ್ತು ಜೆರಾಕ್ಸ್ ಪ್ರತಿ. ಜೆರಾಕ್ಸ್ ಓದಿದವರೂ ಕಾಗದ ಬರೆಯುತ್ತಿದ್ದರು.

ಬರೆಯದೆ ಏನು ಮಾಡಿಯಾರು? ಆ ಮೂರು ಪುಸ್ತಕ ಇವತ್ತು ಓದಿದರೂ ತಲೆ ಗಿರ್ರೆನ್ನುತ್ತದೆ. ಕಾಳಗದ ನಿಯಮಕ್ಕೆ ಚೈನ್‌ಮೇಲ್ ನೋಡಿ ಎನ್ನುತ್ತದೆ. ಚೈನ್‌ಮೇಲ್ ಇಲ್ಲದವರಿಗೆ ಪರ್ಯಾಯ ಒಂದಿದೆ, ಆದರೆ ಅದು ಅರ್ಧ ವಿವರಿಸಿ ಸುಮ್ಮನಾಗುತ್ತದೆ. ಕಾಡುಮೇಡು ಸುತ್ತಬೇಕಾದರೆ ಬೇರೊಂದು ಕಂಪನಿಯವರ ‘ಔಟ್‌ಡೋರ್ ಸರ್ವೈವಲ್’ ಆಟದ ಹಾಸು ಬಳಸಿಕೊಳ್ಳಿ ಎಂಬ ಸಲಹೆ. ಮಾಂತ್ರಿಕನು ಕಂಠಪಾಠ ಮಾಡಿದ ಮಂತ್ರ ಒಮ್ಮೆ ಹೇಳಿದರೆ ಮರೆತುಹೋಗುತ್ತದೋ ಇಲ್ಲವೋ, ಅದೂ ಸ್ಪಷ್ಟವಿಲ್ಲ. ಕಿರುಗತ್ತಿಯ ಏಟಿಗೂ ಎರಡು ಕೈಯಲ್ಲಿ ಹಿಡಿಯುವ ಹಿರಿಗತ್ತಿಯ ಏಟಿಗೂ ಒಂದೇ ಆರು ಮುಖದ ದಾಳ. ಇದೇನು ನ್ಯಾಯ ಎಂದು ಊರೂರಿನ ಆಟಗಾರರು ಕೇಳಿದ್ದರಲ್ಲಿ ತಪ್ಪೇನಿಲ್ಲ.

ಕೇಳಿದವರು ಕೆಲವರು, ಹೇಳಿದವರು ಇನ್ನು ಕೆಲವರು. 1974ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಮೋನಿಕಾದಿಂದ ಗೈಗ್ಯಾಕ್ಸ್‌ಗೆ ಒಂದು ಫೋನ್ ಬಂತು. ಅಲ್ಲಿನ ‘ಏರೋ ಹಾಬೀಸ್’ ಅಂಗಡಿಯ ಗ್ಯಾರಿ ಸ್ವಿಟ್ಜರ್ ಮಾತಾಡುತ್ತಿದ್ದರು. ಡಬ್ಬಿಯಲ್ಲಿ ಇದ್ದದ್ದು ಮೂರೇ ಬಗೆಯ ಪಾತ್ರ: ಕಾದಾಡುವವನು, ಮಂತ್ರ ಹಾಕುವವನು, ದೇವರ ಹೆಸರಿನಲ್ಲಿ ಗಾಯ ಮಾಯಿಸುವವನು. ಬೀಗ ತೆರೆಯುವುದು, ಗೂಢವಾಗಿ ಇಟ್ಟ ಬೋನು ಪತ್ತೆಹಚ್ಚುವುದು, ಸದ್ದಿಲ್ಲದೆ ನುಸುಳುವುದು, ಇವೆಲ್ಲ ಯಾರ ಕೆಲಸ? ಆ ಅಂಗಡಿಯಲ್ಲಿ ಆಡುತ್ತಿದ್ದ ಹುಡುಗರು ಅದಕ್ಕೆಂದು ಒಬ್ಬ ಕಳ್ಳನನ್ನು ಹುಟ್ಟಿಸಿಕೊಂಡಿದ್ದರು. ಗೈಗ್ಯಾಕ್ಸ್‌ಗೆ ಅದು ಹಿಡಿಸಿತು. ತಮ್ಮದೇ ರೀತಿಯಲ್ಲಿ ನಿಯಮ ಬರೆದು, ಅದೇ ವರ್ಷದ ಜೂನ್‌ನಲ್ಲಿ ಹವ್ಯಾಸಿ ಆಟಗಾರರ ಪುಟ್ಟ ಪತ್ರಿಕೆಯೊಂದಕ್ಕೆ ಕಳಿಸಿದರು, ಮೂಲ ಯಾರದು ಎಂದು ಸ್ವಿಟ್ಜರ್ ಹೆಸರನ್ನೂ ಹೇಳಿದರು. ಮುಂದಿನ ವರ್ಷ ಅಧಿಕೃತ ಪುರವಣಿಯಲ್ಲಿ ಕಳ್ಳ ಬಂದಾಗ ಆ ಹೆಸರು ಕಾಣಲಿಲ್ಲ. ಕಳ್ಳನನ್ನೇ ಕದ್ದರು ಎಂದು ಸಾಂಟಾ ಮೋನಿಕಾದ ಆ ಹುಡುಗರು ಆಡಿಕೊಂಡಿದ್ದರೆ ಆಶ್ಚರ್ಯವಿಲ್ಲ. ನನಗನಿಸುವುದು ಬೇರೆ: ಓದುಗನ ಮಾತು ಪ್ರಕಾಶಕನ ಪುಸ್ತಕವಾಗುವ ದಾರಿಯಲ್ಲಿ ಏನು ಉಳಿಯುತ್ತದೆ, ಏನು ಉದುರುತ್ತದೆ ಎಂಬುದಕ್ಕೆ ಈ ಒಂದು ಫೋನ್ ಕರೆಯೇ ಸಾಕು.

1975ರ ಜನವರಿ 31ರಂದು ಡಾನ್ ಕೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 36. ವ್ಯವಹಾರವೆಲ್ಲ ಅವರ ಮನೆಯಲ್ಲಿತ್ತು. ಅದು ಗೈಗ್ಯಾಕ್ಸ್ ಮನೆಯ ನೆಲಮಾಳಿಗೆಗೆ ಬಂತು. ಮೊದಲ ಪುರವಣಿ ಹೊರಬಂದದ್ದು ಈ ಗಲಿಬಿಲಿಯ ತಿಂಗಳುಗಳಲ್ಲಿ.

‘ಗ್ರೇಹಾಕ್’ ಎಂದು ಅದರ ಹೆಸರು. ಗೈಗ್ಯಾಕ್ಸ್ ಮತ್ತು ಅವರ ಊರಿನ ತರುಣ ರಾಬ್ ಕುಂಟ್ಸ್ ಸೇರಿ ನಡೆಸುತ್ತಿದ್ದ ಆಟದ ಕೋಟೆಯದೇ ಹೆಸರು. ಆದರೆ ಕೋಟೆಯ ವರ್ಣನೆ ಹುಡುಕಿಕೊಂಡು ಪುಸ್ತಕ ತೆರೆದವರಿಗೆ ಸಿಕ್ಕಿದ್ದು ಬೇರೆಯೇ: ಬಂದ ಕಾಗದಗಳಿಗೆಲ್ಲ ಒಟ್ಟಾಗಿ ಬರೆದ ಉತ್ತರದಂತಿದೆ ಅದು. ಕಿರುಗತ್ತಿಗೆ ಬೇರೆ ದಾಳ, ಹಿರಿಗತ್ತಿಗೆ ಬೇರೆ ದಾಳ. ಮಂತ್ರಗಳು ಮೊದಲು ಆರನೆಯ ಮಟ್ಟಕ್ಕೆ ನಿಲ್ಲುತ್ತಿದ್ದವು, ಈಗ ಒಂಬತ್ತರವರೆಗೆ ಏರಿದವು, ಏಕೆಂದರೆ ವರ್ಷವಿಡೀ ರಾತ್ರಿ ಹಗಲು ಆಡಿದವರ ಮಾಂತ್ರಿಕರು ಆಗಲೇ ಆ ಎತ್ತರ ಮುಟ್ಟಿ ಮುಂದೇನು ಎಂದು ಕಾಯುತ್ತಿದ್ದರು. ಕಳ್ಳ ಬಂದ. ‘ಪ್ಯಾಲಡಿನ್’ ಎಂಬ ಧರ್ಮವೀರ ಬಂದ. ಮುಖಪುಟದಲ್ಲಿ ಮೈತುಂಬ ಕಣ್ಣುಗಳ ಗುಂಡು ಭೂತವೊಂದು ತೇಲುತ್ತಿತ್ತು. 5 ಡಾಲರ್ ಕೊಟ್ಟು ಇದನ್ನು ಕೊಂಡವನು ಮತ್ತೆ ಹಳೆಯ ಡಬ್ಬಿಯ ಆಟಕ್ಕೆ ಮರಳಲಿಲ್ಲ. ಪುರವಣಿ ಮೂಲವನ್ನೇ ಹಳತು ಮಾಡಿಬಿಟ್ಟಿತು. ಆಟದ ಪ್ರಕಾಶಕರು ಈ ಪಾಠವನ್ನು ಇಂದಿಗೂ ಮರೆತಿಲ್ಲ.

ಎಲ್ಲ ಪ್ರಶ್ನೆಗೂ ಪುಸ್ತಕ ಬರೆಯುತ್ತ ಕೂರಲು ಆಗುವುದಿಲ್ಲವಲ್ಲ. ಅದೇ ವಸಂತದಲ್ಲಿ ಟಿಎಸ್‌ಆರ್ ‘ದಿ ಸ್ಟ್ರ್ಯಾಟೆಜಿಕ್ ರಿವ್ಯೂ’ ಎಂಬ ಆರೇ ಪುಟದ ಪತ್ರಿಕೆ ತೆಗೆಯಿತು. ಜೊತೆಗಾರರಿಲ್ಲದವರು ಒಬ್ಬರೇ ಕೂತು ಆಡುವುದು ಹೇಗೆ ಎಂಬ ವಿಧಾನ ಮೊದಲ ಸಂಚಿಕೆಯಲ್ಲೇ ಇತ್ತು. ಎರಡನೆಯದರಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಉತ್ತರ, ಕಾಳಗದ ಒಂದು ಸುತ್ತು ಹೇಗೆ ಸಾಗುತ್ತದೆ ಎಂಬ ವಿವರಣೆ.

ಅದೇ ಎರಡನೆಯ ಸಂಚಿಕೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಜೋ ಫಿಶರ್ ಎಂಬ ಆಟಗಾರ ಕಳಿಸಿದ ‘ರೇಂಜರ್’ ಅಚ್ಚಾಯಿತು: ಕಾಡಿನ ಜಾಡು ಬಲ್ಲ, ಟೋಲ್ಕಿನ್ ಕಾದಂಬರಿಯ ನೆರಳು ದಟ್ಟವಾಗಿದ್ದ ವೀರ. ಚಳಿಗಾಲದ ಸಂಚಿಕೆಯಲ್ಲಿ ಪೀಟರ್ ಆ್ಯರನ್‌ಸನ್ ಎಂಬುವರ ಇಂದ್ರಜಾಲಿಗ. 1976ರ ಫೆಬ್ರವರಿಯಲ್ಲಿ ಡಗ್ ಶ್ವೆಗ್‌ಮನ್ ಎಂಬುವರ ಹಾಡುಗಾರ ‘ಬಾರ್ಡ್’. ಮೂವರಲ್ಲಿ ಯಾರೂ ಕಂಪನಿಯ ನೌಕರರಲ್ಲ. ಅಂಚೆಯಲ್ಲಿ ಬಂದ ಈ ಮೂರು ಪಾತ್ರವೂ 1978ರ ಅಧಿಕೃತ ನಿಯಮಪುಸ್ತಕಕ್ಕೆ ಏರಿದವು. ರೇಂಜರ್, ಬಾರ್ಡ್ ಈಗಲೂ ಅಲ್ಲೇ ಇದ್ದಾರೆ.

ಕನ್ನಡದ ಓದುಗರು ಇದೇ ಪತ್ರಿಕೆಯ 1975ರ ಡಿಸೆಂಬರ್ ಸಂಚಿಕೆಯಲ್ಲಿ ಒಬ್ಬ ಪರಿಚಿತನನ್ನು ಕಾಣಬಹುದು: ರಾಕ್ಷಸ. ಹೆಸರೂ ‘ರಾಕ್ಷಸ’ ಎಂದೇ. ಆದರೆ ಗೈಗ್ಯಾಕ್ಸ್ ಅವನನ್ನು ಎತ್ತಿಕೊಂಡದ್ದು ವಾಲ್ಮೀಕಿಯಿಂದಲ್ಲ, ‘ಕೋಲ್ಚಾಕ್’ ಎಂಬ ಅಮೆರಿಕನ್ ಟಿವಿ ಧಾರಾವಾಹಿಯ 1974ರ ಕಂತೊಂದರಿಂದ. ಆ ಕಂತಿನ ರಾಕ್ಷಸ ನೋಡುವವರಿಗೆ ಅವರು ನಂಬುವ ವ್ಯಕ್ತಿಯ ರೂಪದಲ್ಲಿ ಕಾಣಿಸುತ್ತಾನೆ, ಮಂತ್ರಿಸಿದ ಅಡ್ಡಬಿಲ್ಲಿನ ಬಾಣಕ್ಕಷ್ಟೇ ಸಾಯುತ್ತಾನೆ. ಆಟದಲ್ಲೂ ಹಾಗೆಯೇ ಆಯಿತು. 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ನಲ್ಲಿ ಡೇವಿಡ್ ಟ್ರ್ಯಾಂಪಿಯರ್ ಎಂಬ ಕಲಾವಿದ ಅವನಿಗೆ ಹುಲಿಮುಖ ಕೊಟ್ಟು, ಮೈಗೆ ನಿಲುವಂಗಿ ತೊಡಿಸಿ, ಕೈಗೊಂದು ಹೊಗೆಸೊಪ್ಪಿನ ಪೈಪು ಇಟ್ಟರು. ಯಕ್ಷಗಾನದ ಬಣ್ಣದ ವೇಷ ನೋಡಿ ಬೆಳೆದವರಿಗೆ ಈ ಪೈಪು ಸೇದುವ ಹುಲಿರಾಯ ನಗು ತರಿಸಿದರೂ, ಇವತ್ತು ಜಗತ್ತಿನ ಲಕ್ಷಾಂತರ ಹುಡುಗರಿಗೆ ರಾಕ್ಷಸ ಎಂದರೆ ಇವನೇ.

ಪ್ರಕಾಶಕರು ಉತ್ತರ ಕೊಡುವ ತನಕ ಕಾಯುವ ವ್ಯವಧಾನ ಎಲ್ಲರಿಗೂ ಇರಲಿಲ್ಲ. ಕ್ಯಾಲಿಫೋರ್ನಿಯದ ಕ್ಯಾಲ್‌ಟೆಕ್ ವಿದ್ಯಾರ್ಥಿಗಳು ತಮಗೆ ಅರ್ಥವಾಗದ್ದನ್ನೆಲ್ಲ ತಾವೇ ಬರೆದು ‘ವಾರ್ಲಾಕ್’ ಎಂದು 1975ರಲ್ಲಿ ಅಚ್ಚು ಹಾಕಿಸಿದರು. ಆರಿಜೋನದ ಕೆನ್ ಸೇಂಟ್ ಆ್ಯಂಡ್ರೆ ಅದೇ ವರ್ಷ ‘ಟನೆಲ್ಸ್ ಆ್ಯಂಡ್ ಟ್ರೋಲ್ಸ್’ ಎಂಬ ಬೇರೆ ಆಟವನ್ನೇ ಕಟ್ಟಿದರು. ಲಾಸ್ ಏಂಜಲೀಸಿನಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಸಂಘವೊಂದಿತ್ತು, ಸದಸ್ಯರು ಬರೆದದ್ದನ್ನೆಲ್ಲ ಒಟ್ಟುಗೂಡಿಸಿ ವಾರವಾರ ಹಂಚುವ ಕೂಟಪತ್ರಿಕೆಯೊಂದಿತ್ತು. ಅದರ ತುಂಬ ಈ ಆಟದ್ದೇ ಮಾತಾಗಿ ಉಳಿದವರು ಗೊಣಗತೊಡಗಿದಾಗ ಲೀ ಗೋಲ್ಡ್ ಎಂಬ ಮಹಿಳೆ 1975ರ ಜೂನ್‌ನಲ್ಲಿ ‘ಅಲಾರಮ್ಸ್ ಆ್ಯಂಡ್ ಎಕ್ಸ್‌ಕರ್ಶನ್ಸ್’ ಎಂಬ ಪ್ರತ್ಯೇಕ ಪತ್ರಿಕೆ ಶುರುಮಾಡಿದರು. ಬರೆಯುವವರು ತಂತಮ್ಮ ಪುಟ ಕಳಿಸಬೇಕು, ಎಲ್ಲವನ್ನೂ ಸೈಕ್ಲೋಸ್ಟೈಲ್ ಮಾಡಿ ಒಟ್ಟುಗೂಡಿಸಿ ಅಂಚೆಗೆ ಹಾಕುವುದು. ಒಬ್ಬರ ಮನೆಯ ನಿಯಮವನ್ನು ಇನ್ನೊಬ್ಬರು ಮುಂದಿನ ತಿಂಗಳು ಚಿಂದಿ ಮಾಡುತ್ತಿದ್ದರು.

ಅದರ ಎರಡನೆಯ ಸಂಚಿಕೆಗೆ ಸ್ವತಃ ಗೈಗ್ಯಾಕ್ಸ್ ಕಾಗದ ಬರೆದರು. ಬೇರೆ ಬೇರೆ ಊರಿನವರು ಬೇರೆ ಬೇರೆ ರೀತಿ ಆಡುವುದೇ ಚೆಂದ. ಎಲ್ಲರೂ ಒಂದೇ ಬಗೆಯಲ್ಲಿ ಆಡಬೇಕೆಂದು ಒಪ್ಪಿಕೊಂಡ ದಿನ ಈ ಆಟ ಜಡವಾದಂತೆ ಎಂಬುದು ಅವರ ಮಾತಿನ ತಿರುಳು. ಆ ಕಾಗದದ ಇಸವಿ 1975. ಇದನ್ನು ಮುಂದಕ್ಕಾಗಿ ನೆನಪಿಟ್ಟುಕೊಳ್ಳಿ.

ಎರಡನೆಯ ಪುರವಣಿ ‘ಬ್ಲ್ಯಾಕ್‌ಮೂರ್’, ಅದೇ ವರ್ಷದ ಕೊನೆಗೆ. ಆಟದ ತವರಾದ ಕೋಟೆಯ ಕಥೆ ಆರ್ನೆಸನ್ ಬಾಯಲ್ಲೇ ಕೇಳಬೇಕೆಂದು ಜನ ಹಂಬಲಿಸುತ್ತಿದ್ದರು. ಟಿಎಸ್‌ಆರ್ ಆಗಷ್ಟೇ ಟಿಮ್ ಕಾಸ್ಕ್ ಎಂಬ ತರುಣನನ್ನು ಸಂಬಳಕ್ಕೆ ತೆಗೆದುಕೊಂಡಿತ್ತು. ಅವರ ಮುಂದೆ ಬಂದದ್ದು ಹಸ್ತಪ್ರತಿಯಲ್ಲ, ಒಂದಕ್ಕೊಂದು ತಾಳೆಯಾಗದ ಚೀಟಿಗಳ ರಾಶಿ ಎಂದು ಕಾಸ್ಕ್ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಆರ್ನೆಸನ್ ಆಟ ನಡೆಸುವುದರಲ್ಲಿ ಮಾಂತ್ರಿಕ, ಬರೆದಿಡುವುದರಲ್ಲಿ ಅಲ್ಲ. ನಮ್ಮಲ್ಲೂ ಅಂಥವರಿದ್ದಾರೆ: ರಾತ್ರಿಯಿಡೀ ಅರ್ಥ ಹೇಳಿ ಸಭೆಯನ್ನು ಹಿಡಿದಿಡುವ ಅರ್ಥಧಾರಿಗೆ ಬೆಳಿಗ್ಗೆ ಎರಡು ಪುಟ ಬರೆದುಕೊಡಿ ಎಂದರೆ ಕೈ ಓಡುವುದಿಲ್ಲ. ಕಾಸ್ಕ್ ಹೆಕ್ಕಿ, ತಿದ್ದಿ, ಇಲ್ಲದ್ದನ್ನು ತುಂಬಿ ಪುಸ್ತಕ ಮಾಡಿದರು. ಅದರಲ್ಲಿ ಸನ್ಯಾಸಿ ಮಲ್ಲ ‘ಮಂಕ್’ ಇದ್ದ, ಸುಪಾರಿ ಕೊಲೆಗಾರನಿದ್ದ. ಏಟು ತಲೆಗೆ ಬಿತ್ತೋ ಮೊಣಕಾಲಿಗೆ ಬಿತ್ತೋ ಎಂದು ಲೆಕ್ಕ ಹಾಕುವ ಕೋಷ್ಟಕಗಳಿದ್ದವು. ನೈಜತೆ ಬೇಕು ಬೇಕು ಎಂದು ಕೂಗುತ್ತಿದ್ದವರಿಗೆ ಅಲ್ಲಿ ಹೊಟ್ಟೆ ತುಂಬ ಸಿಕ್ಕಿತು, ಒಂದು ಕಾಳಗ ಮುಗಿಸಲು ಸಂಜೆಯೆಲ್ಲ ಬೇಕಾಯಿತು. ಸ್ಟೀವ್ ಮಾರ್ಶ್ ಎಂಬ ಆಟಗಾರ ಅಂಚೆಯಲ್ಲಿ ಕಳಿಸಿದ ಕಡಲಿನ ಪ್ರಾಣಿಗಳೂ ಇದ್ದವು.

ಆದರೆ ಆ ಪುಸ್ತಕದ ನಿಜವಾದ ಸಂಪತ್ತು ಮಧ್ಯದಲ್ಲಿದ್ದ ‘ಟೆಂಪಲ್ ಆಫ್ ದ ಫ್ರಾಗ್’. ಕಪ್ಪೆಯ ಗುಡಿ. ನಕ್ಷೆ ಸಮೇತ, ಯಾವ ಕೋಣೆಯಲ್ಲಿ ಯಾರು, ಯಾಕೆ ಎಂಬ ವಿವರ ಸಮೇತ ಸಿದ್ಧಪಡಿಸಿ ಅಚ್ಚು ಹಾಕಿದ ಮೊದಲ ಸಾಹಸ. ಪ್ರಸಂಗವಿಲ್ಲದ ತಾಳಮದ್ದಳೆಗೆ ಕೊನೆಗೂ ಒಂದು ಪ್ರಸಂಗ ಸಿಕ್ಕಿತು. ಇದರ ಬೆಲೆ ಟಿಎಸ್‌ಆರ್‌ಗೆ ಗೊತ್ತಾಗಲಿಲ್ಲ. ನೆಲಮಾಳಿಗೆಯ ನಕ್ಷೆ ಬರೆಯುವುದೇ ಈ ಆಟದ ಅರ್ಧ ಸುಖ, ಅದನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ ಎಂದೇ ಅವರು ನಂಬಿದ್ದರು.

1976ರಲ್ಲಿ ಇನ್ನೆರಡು ಬಂದವು. ಮೂರನೆಯ ಪುರವಣಿ ‘ಎಲ್ಡ್ರಿಚ್ ವಿಝರ್ಡ್ರಿ’ಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪಿಶಾಚಿಗಳು, ಮನೋಬಲದ ಕಾಳಗ, ಬಲಿಪೀಠದ ಮೇಲೆ ಮಲಗಿಸಿದ ಬೆತ್ತಲೆ ಹೆಣ್ಣಿನ ಮುಖಪುಟ. ನಾಲ್ಕನೆಯದು ‘ಗಾಡ್ಸ್, ಡೆಮಿ-ಗಾಡ್ಸ್ ಆ್ಯಂಡ್ ಹೀರೋಸ್’, ರಾಬ್ ಕುಂಟ್ಸ್ ಮತ್ತು ಜೇಮ್ಸ್ ವಾರ್ಡ್ ಬರೆದದ್ದು. ಈಜಿಪ್ಟ್, ಗ್ರೀಸ್, ನಾರ್ವೆ, ಭಾರತ ಎನ್ನದೆ ಎಲ್ಲ ಕಡೆಯ ದೇವರುಗಳಿಗೆ ಅಂಕ ಹಚ್ಚಿದ ಪುಸ್ತಕ. ಯಾವ ದೇವರಿಗೆ ಎಷ್ಟು ‘ಹಿಟ್ ಪಾಯಿಂಟ್’, ಅಂದರೆ ಎಷ್ಟು ಏಟು ತಿಂದರೆ ಸಾಯುತ್ತಾನೆ ಎಂಬ ಲೆಕ್ಕ. ಮೂವತ್ತಮೂರು ಕೋಟಿ ಇಟ್ಟುಕೊಂಡಿರುವ ನಮ್ಮಂಥವರಿಗೆ ಇದು ಮುಗಿಯುವ ಲೆಕ್ಕವಲ್ಲ ಎಂಬುದು ಬೇರೆ ಮಾತು.

ಆ ಪುಸ್ತಕದ ಹಿಂದೆ ಒಂದು ಸಿಟ್ಟಿತ್ತು. ಅದನ್ನು ಕಾಸ್ಕ್ ಮುನ್ನುಡಿಯಲ್ಲಿ ಮುಚ್ಚಿಡಲಿಲ್ಲ. ಬರುವ ಕಾಗದಗಳಲ್ಲಿ ಜನ ಕೊಚ್ಚಿಕೊಳ್ಳುತ್ತಿದ್ದರು: ನನ್ನ ವೀರ ನಲವತ್ತನೆಯ ಮಟ್ಟ ದಾಟಿದ್ದಾನೆ, ಅವನಿಗೆ ತಕ್ಕ ಎದುರಾಳಿಯೇ ಇಲ್ಲ, ಏನು ಮಾಡಲಿ? ವರ್ಷಗಟ್ಟಲೆ ಆಡಿದ ಗೈಗ್ಯಾಕ್ಸ್ ಬಳಗದಲ್ಲೇ ಅಂಥವರಿರಲಿಲ್ಲ. ಕೇಳಿದ್ದನ್ನೆಲ್ಲ ಕೊಟ್ಟುಬಿಡುವ ರೆಫರಿಗಳು ಆಟ ಕೆಡಿಸುತ್ತಿದ್ದಾರೆ ಎಂಬುದು ಟಿಎಸ್‌ಆರ್‌ನ ದೂರು. ಓಡಿನ್ ದೇವರಿಗೇ 300 ಹಿಟ್ ಪಾಯಿಂಟ್ ಎಂದು ಕಂಡ ಮೇಲಾದರೂ ಇವರಿಗೆ ನಾಚಿಕೆಯಾದೀತು ಎಂದು ಕಾಸ್ಕ್ ಆಶಿಸಿದರು. ನಡೆದದ್ದೇ ಬೇರೆ. 300 ಎಂಬ ಅಂಕಿ ಕಂಡ ಹುಡುಗರಿಗೆ ಅದು ನಾಚಿಕೆಯಾಗಿ ಅಲ್ಲ, ಗುರಿಯಾಗಿ ಕಂಡಿತು. ಸಂಖ್ಯೆ ಹಚ್ಚಿದ ಮೇಲೆ ದೇವರಾದರೇನು, ಕೊಲ್ಲಬಹುದು.

ಈ ಸಾಲಿನ ಪುರವಣಿಗಳಲ್ಲಿ ಇದೇ ಕೊನೆಯದು ಎಂದೂ ಅಲ್ಲಿ ಘೋಷಿಸಿದ್ದರು. ನಿಯಮಗಳು ಕೇವಲ ದಾರಿತೋರಿಸಲು ಇದ್ದವು, ಮಿಕ್ಕಿದ್ದು ನೀವು ಮಾಡಿಕೊಳ್ಳಬೇಕಿತ್ತು ಎಂಬ ಹಳೆಯ ಮಾತು ಮತ್ತೊಮ್ಮೆ.

1976ರ ಜುಲೈ 4. ಅಮೆರಿಕ ತನ್ನ ಸ್ವಾತಂತ್ರ್ಯದ ಇನ್ನೂರನೆಯ ವರ್ಷಕ್ಕೆ ಪಟಾಕಿ ಹೊಡೆಯುತ್ತಿದ್ದ ದಿನ, ಇಲಿನಾಯ್ ರಾಜ್ಯದ ಡೆಕಾಟರ್‌ನಿಂದ ಬಾಬ್ ಬ್ಲೆಡ್‌ಸಾ ಮತ್ತು ಬಿಲ್ ಓವನ್ ಎಂಬಿಬ್ಬರು ಲೇಕ್ ಜಿನೀವಾಕ್ಕೆ ಬಂದರು. ರೆಫರಿಗಳ ಹೊರೆ ಇಳಿಸುವ ಸಾಮಗ್ರಿ ಮಾಡಿ ಮಾರುತ್ತೇವೆ, ನಿಮ್ಮ ಅನುಮತಿ ಬೇಕು ಎಂದರು. ಟಿಎಸ್‌ಆರ್‌ನವರಿಗೆ ಇದು ನಷ್ಟದ ವ್ಯಾಪಾರವಾಗಿ ಕಂಡಿತು, ಬಾಯಿಮಾತಿನಲ್ಲೇ ಒಪ್ಪಿಗೆ ಸಿಕ್ಕಿತು. ಮುಂದಿನ ತಿಂಗಳು ಅದೇ ಊರಿನಲ್ಲಿ ನಡೆದ ‘ಜೆನ್ ಕಾನ್’ ಆಟದ ಜಾತ್ರೆಗೆ ಇವರು ಒಂದು ನಗರದ ದೊಡ್ಡ ನಕ್ಷೆ ಹೊತ್ತು ತಂದರು: ‘ಸಿಟಿ ಸ್ಟೇಟ್ ಆಫ್ ದಿ ಇನ್ವಿನ್ಸಿಬಲ್ ಓವರ್‌ಲಾರ್ಡ್’. ಬೀದಿ ಬೀದಿಯ ಹೆಸರು, ಯಾವ ಬೀದಿಯಲ್ಲಿ ಯಾವ ಅಂಗಡಿ, ಅದರ ಗಲ್ಲೆಯ ಮೇಲೆ ಯಾರು ಕೂತಿದ್ದಾರೆ ಎಂಬ ವಿವರವೆಲ್ಲ ಮುಂದೆ ಕಂತುಗಳಲ್ಲಿ ಚಂದಾದಾರರ ಮನೆಗೆ ಬಂತು. ‘ಜಡ್ಜಸ್ ಗಿಲ್ಡ್’ ಎಂಬ ಇವರ ಸಂಸ್ಥೆಯ ಸರಕು ಬಿಸಿ ದೋಸೆಯಂತೆ ಮಾರಾಟವಾಯಿತು. ರೆಫರಿಯು ತನ್ನ ಗುಟ್ಟಿನ ಹಾಳೆಗಳನ್ನು ಮರೆಮಾಡಿಕೊಳ್ಳಲು ಮೇಜಿನ ಮೇಲೆ ನಿಲ್ಲಿಸುವ, ಒಳಮೈಯಲ್ಲಿ ಕೋಷ್ಟಕಗಳಿರುವ ರಟ್ಟಿನ ತಡಿಕೆ ಮೊದಲು ಮಾರಿದವರೂ ಇವರೇ.

ಹಗಲು ಕಚೇರಿಯಲ್ಲಿ ದುಡಿದು, ಶನಿವಾರ ರಾತ್ರಿ ಆರು ಜನ ಗೆಳೆಯರಿಗೆ ಆಟ ನಡೆಸಬೇಕಾದವನಿಗೆ ಕಲ್ಪನೆ ಇಲ್ಲವೆಂದಲ್ಲ, ಪುರುಸೊತ್ತಿಲ್ಲ. ಡೆಕಾಟರ್‌ನವರಿಗೆ ಅರ್ಥವಾದದ್ದು ಇಷ್ಟೆ. ಲೇಕ್ ಜಿನೀವಾದವರಿಗೆ ಅದು ಅರ್ಥವಾಗಲು ಎರಡು ವರ್ಷ ಹಿಡಿಯಿತು. 1978ರಲ್ಲಿ ಅವರೂ ಪಂದ್ಯಾವಳಿಗೆಂದು ಬರೆದ ದೈತ್ಯರ ಕೋಟೆಗಳ ಸಾಹಸಗಳನ್ನು ಬಿಡಿಪುಸ್ತಕಗಳಾಗಿ ಮಾರತೊಡಗಿದರು. ‘ಮಾಡ್ಯೂಲ್’ ಎಂಬ ಈ ತೆಳು ಪುಸ್ತಕಗಳೇ ಮುಂದೆ ಕಂಪನಿಯ ಅನ್ನ.

ಇನ್ನೊಂದು ಕಾಗದ ಲಾಸ್ ಏಂಜಲೀಸಿನಿಂದ ಬಂತು. ಬರೆದವರು ಜೆ. ಎರಿಕ್ ಹೋಮ್ಸ್, ವೈದ್ಯಕೀಯ ಕಾಲೇಜಿನಲ್ಲಿ ನರವಿಜ್ಞಾನದ ಪ್ರಾಧ್ಯಾಪಕರು. ನಿಮ್ಮ ಆಟ ಅದ್ಭುತ, ಆದರೆ ಹೊಸಬರಿಗೆ ಅರ್ಥವಾಗುವುದಿಲ್ಲ, ನಾನು ತಿಳಿಯಾಗಿ ಬರೆದುಕೊಡಲೇ ಎಂದು ಕೇಳಿದರು. ಅವರು ಬರೆದ ‘ಬೇಸಿಕ್ ಸೆಟ್’ 1977ರಲ್ಲಿ ಬಂತು. ಆಟವನ್ನು ಕಾಲೇಜಿನ ಕೋಣೆಗಳಿಂದ ಶಾಲಾ ಮಕ್ಕಳ ಕೈಗೆ ಕೊಟ್ಟದ್ದು ಆ ಡಬ್ಬಿ. ಅಭಿಮಾನಿಯ ದೂರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಈ ಇಡೀ ಕಥೆಯಲ್ಲಿ ನನಗೆ ಕಾಣುವುದಿಲ್ಲ: ದೂರಿದವನ ಕೈಗೇ ಲೇಖನಿ ಕೊಡುವುದು.

ಅಷ್ಟರಲ್ಲಿ ಗೈಗ್ಯಾಕ್ಸ್ ಬದಲಾಗಿದ್ದರು. ಡೇವ್ ಹಾರ್‌ಗ್ರೇವ್ ಎಂಬುವರ ‘ಆರ್ಡುಯಿನ್’ನಂಥ ಅನಧಿಕೃತ ಪುರವಣಿಗಳು ಅಂಗಡಿಗಳಲ್ಲಿ ಓಡುತ್ತಿದ್ದವು. ಆರ್ನೆಸನ್ ಕಂಪನಿಗೆ ಕೆಲಸಕ್ಕೆ ಸೇರಿ, ಒಂದು ವರ್ಷವೂ ಉಳಿಯದೆ ಹೊರನಡೆದಿದ್ದರು; 1979ರಲ್ಲಿ ಗೌರವಧನಕ್ಕಾಗಿ ನ್ಯಾಯಾಲಯಕ್ಕೂ ಹೋದರು. 1977ರಿಂದ 79ರ ನಡುವೆ ಗೈಗ್ಯಾಕ್ಸ್ ‘ಅಡ್ವಾನ್ಸ್‌ಡ್’ ಎಂಬ ವಿಶೇಷಣ ಹಚ್ಚಿ, ಮೂಲ ಡಬ್ಬಿಯನ್ನೂ ನಾಲ್ಕು ಪುರವಣಿಯನ್ನೂ ಪತ್ರಿಕೆಯ ತುಣುಕುಗಳನ್ನೂ ಅರೆದು ಮೂರು ದಪ್ಪ ಗ್ರಂಥಗಳಾಗಿ ಕಟ್ಟಿದರು. ಈಗ ಅವರ ಮಾತು ಏಕರೂಪತೆ: ದೇಶದ ಯಾವ ಮೂಲೆಗೆ ಹೋದರೂ ಆಟ ಒಂದೇ ಆಗಿರಬೇಕು. ಕೂಟಪತ್ರಿಕೆಗಳಲ್ಲಿ ಬರೆಯುವವರ ಬಗ್ಗೆ 1978ರಲ್ಲಿ ಕಂಪನಿಯದೇ ಆದ ‘ಡ್ರ್ಯಾಗನ್’ ಪತ್ರಿಕೆಯಲ್ಲಿ ಕಟುವಾಗಿ ತಾತ್ಸಾರ ತೋರಿದರು. ಲೀ ಗೋಲ್ಡ್ ಪತ್ರಿಕೆಗೆ ಬರೆದ ಕಾಗದಕ್ಕೆ ಆಗ ಮೂರು ವರ್ಷ. ವ್ಯಾಪಾರದ ದೃಷ್ಟಿಯಿಂದ ಅವರನ್ನು ದೂರಲಾಗದು. ಹಗಲು ರಾತ್ರಿ ನೂರೆಂಟು ಪ್ರಶ್ನೆಗೆ ಉತ್ತರಿಸುತ್ತ ಕೂತವನಿಗೆ ಒಂದು ದಿನ, ಇನ್ನು ಪ್ರಶ್ನೆಯೇ ಬರದಂತೆ ಬರೆದುಬಿಡೋಣ ಎನಿಸುವುದು ಸಹಜ. ಆದರೆ ಅಂಥ ಪುಸ್ತಕ ಇಲ್ಲ. ಆ ಮೂರು ಗ್ರಂಥ ಬಂದ ಮೇಲೆ ಪ್ರಶ್ನೆಗಳು ಕಡಿಮೆಯಾಗಲಿಲ್ಲ, ‘ಡ್ರ್ಯಾಗನ್’ನಲ್ಲಿ ಅವುಗಳಿಗೆಂದೇ ಒಂದು ಕಾಯಂ ಅಂಕಣ ಬೇಕಾಯಿತು.

ಬಾಗಿಲು ಮುಚ್ಚಿಕೊಂಡ ಮೇಲೂ ಒಂದು ಕಿಟಕಿ ಉಳಿದಿತ್ತು, ಅದು ಸಮುದ್ರದಾಚೆ. ಬ್ರಿಟನ್ನಿನ ‘ವೈಟ್ ಡ್ವಾರ್ಫ್’ ಪತ್ರಿಕೆಯಲ್ಲಿ ಡಾನ್ ಟರ್ನ್‌ಬುಲ್ ಎಂಬುವರು ‘ಫೀಂಡ್ ಫ್ಯಾಕ್ಟರಿ’ ಎಂಬ ಅಂಕಣ ನಡೆಸುತ್ತಿದ್ದರು: ನೀವು ಕಲ್ಪಿಸಿದ ಭೂತಗಳನ್ನು ಕಳಿಸಿ, ಒಳ್ಳೆಯವನ್ನು ಅಚ್ಚು ಹಾಕುತ್ತೇವೆ. ಹೀಗೆ ಬಂದವನ್ನು ಒಟ್ಟು ಮಾಡಿ ‘ಫೀಂಡ್ ಫೋಲಿಯೊ’ ಎಂಬ ಪುಸ್ತಕ ಸಿದ್ಧವಾಯಿತು. ಕಂಪನಿಗಳ ನಡುವಿನ ಜಗಳದಲ್ಲಿ ಎರಡು ವರ್ಷ ಕೊಳೆತು 1981ರಲ್ಲಿ ಹೊರಬಂತು. ಯಾವ ಭೂತ ಯಾರದು ಎಂದು ಕೊನೆಯಲ್ಲಿ ಹೆಸರುಗಳನ್ನು ಕೊಟ್ಟಿದ್ದರು. ಅದರಲ್ಲಿ ಗಾಳಿಯಲ್ಲಿ ತೇಲುವ ದೋಸೆಯಂಥ ‘ಫ್ಲಂಫ್’ ಇತ್ತು. ಎಷ್ಟು ವರ್ಷ ಜನ ಅದನ್ನು ಆಡಿಕೊಂಡು ನಕ್ಕರೋ ಲೆಕ್ಕವಿಲ್ಲ. ಮುಖಪುಟದ ಮೇಲೆ ಹಳದಿ ಚರ್ಮದ, ಬಡಕಲು ಮೈಯ, ಕೈಯಲ್ಲಿ ಕತ್ತಿ ಹಿಡಿದ ‘ಗಿತ್‌ಯಾಂಕಿ’ ಇತ್ತು. ಅದನ್ನು ಕಳಿಸಿದಾಗ ಚಾರ್ಲ್ಸ್ ಸ್ಟ್ರಾಸ್ ಇನ್ನೂ ಶಾಲೆಯ ಹುಡುಗ. ಹೆಸರನ್ನು ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 1977ರ ಕಾದಂಬರಿಯೊಂದರಿಂದ ಎತ್ತಿಕೊಂಡಿದ್ದ.

ನಂತರದ ವರ್ಷಗಳಲ್ಲಿ ಪುರವಣಿಗಳು ಮಳೆಗಾಲದ ಅಣಬೆಯಂತೆ ಎದ್ದವು. ಕಂಪನಿಯೊಳಗಿನ ಜಗಳದಲ್ಲಿ ಗೈಗ್ಯಾಕ್ಸ್ 1980ರ ದಶಕದ ನಡುವಿನಲ್ಲೇ ಹೊರಬಿದ್ದರು. ತೊಂಬತ್ತರ ದಶಕದಲ್ಲಿ ಟಿಎಸ್‌ಆರ್ ಮರುಭೂಮಿಯದೊಂದು ಲೋಕ, ನಕ್ಷತ್ರನೌಕೆಗಳದೊಂದು ಲೋಕ, ಸತ್ತವರದೊಂದು ಲೋಕ ಎಂದು ಅಚ್ಚು ಹಾಕುತ್ತಲೇ ಹೋಯಿತು. ಒಂದು ಲೋಕದವರು ಇನ್ನೊಂದರ ಪುಸ್ತಕ ಮುಟ್ಟಲಿಲ್ಲ. 1997ರಲ್ಲಿ ‘ವಿಝರ್ಡ್ಸ್ ಆಫ್ ದಿ ಕೋಸ್ಟ್’ ಕಂಪನಿ ಟಿಎಸ್‌ಆರ್ ಅನ್ನು ಕೊಂಡಾಗ ಕಡತಗಳನ್ನು ಜಾಲಾಡಿದವರಲ್ಲಿ ರಯನ್ ಡ್ಯಾನ್ಸಿ ಒಬ್ಬರು. ಕೊಳ್ಳುವವರು ಯಾರು, ಅವರಿಗೆ ಬೇಕಾದದ್ದು ಏನು ಎಂದು ಕೇಳಿ ತಿಳಿದುಕೊಂಡ ಒಂದೇ ಒಂದು ಕಾಗದವಾದರೂ ಸಿಕ್ಕೀತೇ ಎಂದು ಅವರು ಹುಡುಕಿದರು. ಸಿಗಲಿಲ್ಲ.

ಅದೇ ಡ್ಯಾನ್ಸಿ 2000ನೇ ಇಸವಿಯಲ್ಲಿ ಹೊಸ ಪರವಾನಗಿಯೊಂದನ್ನು ತಂದು, ಯಾರು ಬೇಕಾದರೂ ಈ ಆಟಕ್ಕೆ ಪುರವಣಿ ಬರೆದು ಮಾರಬಹುದು ಎಂದು ಬಾಗಿಲು ತೆರೆದರು. 2023ರ ಜನವರಿಯಲ್ಲಿ ಕಂಪನಿ ಆ ಬಾಗಿಲನ್ನು ಎಳೆದುಕೊಳ್ಳಲು ಹೊರಟ ಸುದ್ದಿ ಸೋರಿತು. ವರ್ಷಕ್ಕೆ 7,50,000 ಡಾಲರಿಗಿಂತ ಹೆಚ್ಚು ಗಳಿಸುವವರಿಂದ ಮೇಲಿನ ಗಳಿಕೆಯ ಕಾಲು ಭಾಗ ಕೇಳುವ ಕರಡು ಅದು. ಆಟಗಾರರು ಚಂದಾ ರದ್ದುಮಾಡತೊಡಗಿದರು. ಅಭಿಪ್ರಾಯ ಕೇಳಿದ್ದಕ್ಕೆ 15,000ಕ್ಕೂ ಹೆಚ್ಚು ಉತ್ತರ ಬಂದವು. ತಿಂಗಳು ಮುಗಿಯುವ ಮೊದಲೇ, 27ರಂದು, ಆಟದ ಮೂಲ ನಿಯಮಗಳನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಡಲಾಯಿತು.

ಅದೇ ವರ್ಷದ ಆಗಸ್ಟ್‌ನಲ್ಲಿ ಬೆಲ್ಜಿಯಂನ ಲೇರಿಯನ್ ಸ್ಟುಡಿಯೊ ‘ಬಾಲ್ಡರ್ಸ್ ಗೇಟ್ 3’ ಎಂಬ ಕಂಪ್ಯೂಟರ್ ಆಟ ಬಿಡುಗಡೆ ಮಾಡಿತು. ಶುರುವಿನಲ್ಲೇ ಆಟಗಾರನ ಕೊರಳಿಗೆ ಕತ್ತಿ ಹಿಡಿದು ಎದುರಾಗುವ ಲೇಝೆಲ್ ಎಂಬ ಹೆಣ್ಣು ಗಿತ್‌ಯಾಂಕಿ ಕುಲದವಳು. ಅವಳ ಕುಲವನ್ನು ಹುಟ್ಟಿಸಿ ಅಂಚೆಗೆ ಹಾಕಿದ ಹುಡುಗನಿಗೆ ಆಗ 58 ವರ್ಷ, ವೈಜ್ಞಾನಿಕ ಕಾದಂಬರಿಕಾರರಾಗಿ ಹೆಸರಾಗಿ ಎರಡು ದಶಕ ಕಳೆದಿತ್ತು.